ಮಡ್ಡಿಯ ಚಿಂಕಾರ, ತೋಳ: ದಾಖಲೆಗೆ ಒದಗುವ ಫೋಟೊ ತೆಗೆಯುವ ಬಗೆ

ಚಿಂಕಾರ ಎಂದರೆ ಒಣ ಬಯಲಿನ ಸಣ್ಣ ಹುಲ್ಲೆ. ಚೌಕಟ್ಟಿನ ತುಂಬ ಅದರ ಮುಖವೇ ಇರುವ ಫೋಟೊ ನೋಡಲು ಚೆಂದ. ಆದರೆ ಅದರಿಂದ ಚಿಂಕಾರಕ್ಕೆ ಆಗುವ ಉಪಕಾರ ಕಡಿಮೆ. ಅದು ನಿಂತ ಮಡ್ಡಿ, ಅಂದರೆ ಕಲ್ಲು-ಕುರುಚಲಿನ ಬಯಲು, ಎಂಥದು, ಹಿಂಡಿನಲ್ಲಿ ಮರಿ ಇತ್ತೇ, ತಂತಿಬೇಲಿ ಎಷ್ಟು ಹತ್ತಿರ ಬಂದಿದೆ ಎಂಬ ಯಾವ ಸಂಗತಿಯೂ ಅದರಲ್ಲಿ ಇರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳದ ಕಡೆ ಕೆಲಸ ಮಾಡುವಾಗ ನಾವು ಪ್ರತಿ ಸಲವೂ ಮೂರು ಬಗೆಯಲ್ಲಿ ತೆಗೆಯುತ್ತೇವೆ. ಮೊದಲು ಅಗಲವಾದದ್ದು: ಪ್ರಾಣಿ ಚಿಕ್ಕದಾಗಿ, ನೆಲ, ಗುಡ್ಡ, ಬೆಳೆ ಎಲ್ಲ ಕಾಣುವಂತೆ. ಆಮೇಲೆ ತಲೆ ಎಣಿಸಲು ಇಡೀ ಹಿಂಡು. ಕೊನೆಗೆ ಕೋಡು, ಬಾಲ ಸ್ಪಷ್ಟವಾಗುವ ಹತ್ತಿರದ್ದು. ಒಂದಕ್ಕೇ ಸಮಯವಿದ್ದರೆ ಅಗಲವಾದದ್ದನ್ನೇ ತೆಗೆಯಬೇಕು.

ಹತ್ತಿರದ್ದು ಬೇಕಾಗುವುದು ಗುರುತಿಗೆ. ನಮ್ಮ ಕಡೆ ‘ಚಿಗರಿ’ ಎಂದರೆ ಕೃಷ್ಣಮೃಗವೂ ಆಗಬಹುದು, ಚಿಂಕಾರವೂ ಆಗಬಹುದು. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೋಡಿಲ್ಲ. ಚಿಂಕಾರದಲ್ಲಿ ಗಂಡು, ಹೆಣ್ಣು ಎರಡಕ್ಕೂ ಕೋಡುಂಟು. ಗಂಡಿನದು ಉಂಗುರ ಉಂಗುರವಾಗಿ ದಪ್ಪ, ಹೆಣ್ಣಿನದು ಸಣ್ಣ, ನುಣುಪು. ಕಣ್ಣಿನಿಂದ ಮೂತಿಯ ಕಡೆಗೆ ಇಳಿಯುವ ಕಂದು ಪಟ್ಟೆ, ಸುಮ್ಮನಿರದೆ ಆಡುವ ಕಪ್ಪು ಬಾಲ ಸಿಕ್ಕರೆ ಸಂಶಯ ಉಳಿಯುವುದಿಲ್ಲ.

ಇಷ್ಟೆಲ್ಲ ಯಾಕೆಂದರೆ, ಜಗತ್ತಿನ ಲೆಕ್ಕದಲ್ಲಿ ಚಿಂಕಾರ ಅಳಿವಿನಂಚಿನ ಪಟ್ಟಿಯಲ್ಲಿಲ್ಲ, ರಾಜಸ್ಥಾನದಲ್ಲಿ ಬೇಕಾದಷ್ಟಿವೆ. ಆದರೆ ಕರ್ನಾಟಕ ಅದರ ನೆಲೆಯ ದಕ್ಷಿಣದ ಅಂಚು. ಇಲ್ಲಿ ಒಂದು ಮಡ್ಡಿಯಿಂದ ಹೋದರೆ ಮತ್ತೆ ಬರುತ್ತದೆಂಬ ಭರವಸೆ ಇಲ್ಲ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡದ, ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಚಿಂಕಾರ ದಾಖಲಾಯಿತು. 2019ರಲ್ಲಿ ಆ ಕಾಡು ಚಿಂಕಾರ ಧಾಮವಾಯಿತು. ನಮ್ಮ ಯಡಹಳ್ಳಿ ಧಾಮ 2016ರದು, ಸುಮಾರು 96 ಚದರ ಕಿ.ಮೀ. ಆದರೆ ಪ್ರಾಣಿಗಳಿಗೆ ಧಾಮದ ಗಡಿ ಗೊತ್ತಿಲ್ಲ. ಹೊರಗಿನ ಹೊಲ, ಗೋಮಾಳಗಳಲ್ಲಿ ಅವು ಓಡಾಡುವುದಕ್ಕೆ ತಾರೀಖು ಸಮೇತ ಸಾಕ್ಷಿ ಬೇಕು.

ಧಾಮದೊಳಗೆ ಫೋಟೊ ತೆಗೆಯಲು 1972ರ ವನ್ಯಜೀವಿ ಕಾಯ್ದೆಯ 28ನೇ ಕಲಂ ಪ್ರಕಾರ ಅನುಮತಿ ಬೇಕು. ಹೆಸರು, ದಿನ, ವಾಹನದ ನಂಬರು ಬರೆದು ಮೊದಲೇ ಅರ್ಜಿ ಕೊಡಿ. ಹೊರಗಿನ ಹೊಲವಾದರೆ ರೈತರನ್ನು ಕೇಳಿಯೇ ಕಾಲಿಡಬೇಕು.

ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಮಡ್ಡಿಯ ಕಲ್ಲು ಕಾದು ಗಾಳಿ ನಡುಗುತ್ತದೆ. 500 ಎಂಎಂ ಲೆನ್ಸಿನಲ್ಲಿ 150 ಮೀಟರ್ ದೂರದ ಪ್ರಾಣಿಯ ಅಂಚೆಲ್ಲ ಕಲಸಿಹೋಗುತ್ತದೆ. ಫೋಕಸ್ ತಪ್ಪಿತೆಂದು ಬಹಳ ಜನ ಲೆನ್ಸನ್ನು ದೂರುತ್ತಾರೆ, ತಪ್ಪು ಗಾಳಿಯದು. ಎಷ್ಟು ದುಬಾರಿ ಲೆನ್ಸ್ ತಂದರೂ ಇದು ಹೋಗುವುದಿಲ್ಲ. ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ತಾಸು, ಸಂಜೆಯ ಕೊನೆಯ ತಾಸು, ಇಷ್ಟೇ ಕೆಲಸದ ಹೊತ್ತು. ಕಾರಿನಿಂದ ತೆಗೆಯುವಾಗ ಅರ್ಧ ತಾಸು ಮೊದಲೇ ಎಸಿ ಬಂದ್ ಮಾಡಿ ಗಾಜು ಇಳಿಸಿ. ಒಳಗಿನ ತಂಪು, ಹೊರಗಿನ ಬಿಸಿ ಕಿಟಕಿಯಲ್ಲಿ ಕೂಡಿದರೂ ಅದೇ ನಡುಕ. ಎಂಜಿನ್ ಆರಿಸಿ. ಅರಿವೆ ಚೀಲದಲ್ಲಿ ಎರಡು ಕೆಜಿ ಜೋಳ ತುಂಬಿ ಬಾಗಿಲ ಮೇಲಿಟ್ಟರೆ ಅದಕ್ಕಿಂತ ಒಳ್ಳೆಯ ಆಸರೆ ಬೇಡ. ನಿಂತ ಪ್ರಾಣಿಗೆ ಶಟರ್ 1/1000 ಸೆಕೆಂಡು, ಓಡುವುದಕ್ಕೆ 1/2000.

ಮೇಯುವುದು ಬಿಟ್ಟು ಎಲ್ಲ ತಲೆಗಳೂ ಮೇಲೆದ್ದರೆ, ಒಂದು ಕಾಲು ನೆಲಕ್ಕೆ ಕುಟ್ಟಿದರೆ, ಅಲ್ಲಿಗೇ ನಿಲ್ಲಬೇಕು. ಬೇಸಿಗೆಯಲ್ಲಿ ನೀರಿನ ಹೊಂಡದ ಪಕ್ಕ ಕೂರಲೇಬಾರದು. ನಾವು ಏಳುವವರೆಗೆ ಅವು ನೀರಿಗೆ ಬರುವುದಿಲ್ಲ. ತೋಳ ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮರಿ ಹಾಕುತ್ತದೆ. ಗವಿಯ ಫೋಟೊ ನಾವು ತೆಗೆಯುವುದೇ ಇಲ್ಲ. ತಾಯಿ ಬೆದರಿ ಮರಿಗಳನ್ನು ಬೇರೆಡೆ ಸಾಗಿಸುತ್ತದೆ; ನಮ್ಮ ಹೆಜ್ಜೆ ಹಿಡಿದು ಬರುವವರಿಗೆ ಗವಿಯ ದಾರಿಯೂ ತಿಳಿಯುತ್ತದೆ.

ರಾತ್ರಿ ತಿರುಗುವ ಕತ್ತೆಕಿರುಬ, ತೋಳಗಳಿಗೆ ಕ್ಯಾಮೆರಾ ಟ್ರ್ಯಾಪೇ ಸರಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಮೊಣಕಾಲೆತ್ತರದಲ್ಲಿ, ಅಂದರೆ 40–50 ಸೆಂ.ಮೀ. ಮೇಲೆ, ಕಾಲುದಾರಿಯಿಂದ ಮೂರು-ನಾಲ್ಕು ಮೀಟರ್ ದೂರದಲ್ಲಿ ಕಟ್ಟುತ್ತೇವೆ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಪೂರ್ವ, ಪಶ್ಚಿಮಕ್ಕಿದ್ದರೆ ಬೆಳಗಿನ ಇಲ್ಲವೆ ಸಂಜೆಯ ಬಿಸಿಲು ನೇರ ಬಡಿದು ಚಿತ್ರ ಬೆಳ್ಳಗಾಗುತ್ತದೆ. ಎದುರಿನ ಹುಲ್ಲಿನ ಎಸಳು ಬಾಗಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸಾವಿರಾರು ಖಾಲಿ ಚಿತ್ರ ಬಿದ್ದು ಬ್ಯಾಟರಿ ಮುಗಿಯುತ್ತದೆ. ಕತ್ತೆಕಿರುಬದ ಪಟ್ಟೆ ಒಂದರಂತೆ ಇನ್ನೊಂದರದು ಇರುವುದಿಲ್ಲ, ಎಡಮೈಯ ಪಟ್ಟೆ ಬಲಮೈಗೂ ಹೊಂದುವುದಿಲ್ಲ. ಹಾಗಾಗಿ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು. ಒಂದೇ ಇದ್ದರೆ ಒಂದು ಪ್ರಾಣಿ ಎರಡಾಗಿ ಎಣಿಕೆಗೆ ಸೇರಿಬಿಡುತ್ತದೆ. ಎದುರುಬದುರು ಕಟ್ಟುವಾಗ ಸ್ವಲ್ಪ ಓರೆ ಮಾಡಿ, ಇಲ್ಲದಿದ್ದರೆ ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಏಪ್ರಿಲ್, ಮೇ ಹಗಲಿನಲ್ಲಿ ಪ್ರಾಣಿ ಎದುರಿಗೇ ಹೋದರೂ ಚಿತ್ರ ಬೀಳದಿರಬಹುದು. ಸೆನ್ಸರ್ ಹಿಡಿಯುವುದು ಮೈಶಾಖಕ್ಕೂ ನೆಲದ ಶಾಖಕ್ಕೂ ಇರುವ ವ್ಯತ್ಯಾಸವನ್ನು; ನೆಲವೇ ಮೈಯಷ್ಟು ಕಾದರೆ ಅದಕ್ಕೆ ಏನೂ ಕಾಣದು. ಆ ತಿಂಗಳ ಖಾಲಿ ಕಾರ್ಡ್ ನೋಡಿ ‘ಇಲ್ಲಿ ಪ್ರಾಣಿ ಇಲ್ಲ’ ಎಂದು ಬರೆಯಬೇಡಿ. ಬ್ಯಾಟರಿ ಬದಲಿಸಿದಾಗಲೆಲ್ಲ ತಾರೀಖು, ಸಮಯ ನೋಡಿ. ಅದು ತಪ್ಪಿದರೆ ಫೋಟೊ ದಾಖಲೆಯಾಗಿ ನಿಲ್ಲುವುದಿಲ್ಲ.

ತೋಳಕ್ಕೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಸತ್ತ ಕುರಿಯ ಫೋಟೊ ಎಂಬುದು ನಮ್ಮ ನಂಬಿಕೆ. ದಡ್ಡಿಗೆ, ಅಂದರೆ ಕುರಿಹಟ್ಟಿಗೆ, ತೋಳ ನುಗ್ಗಿದಾಗ ಪರಿಹಾರ ಸಿಗದ ಕುರಿಗಾರನ ಸಿಟ್ಟು ವಿಷದವರೆಗೆ ಹೋಗಬಹುದು. ಪರಿಹಾರಕ್ಕೆ ಸಾಕ್ಷಿಯಾಗಿ, ಕಳೇಬರ ಎತ್ತುವ ಮೊದಲೇ ದಡ್ಡಿ ಸಮೇತ ಒಂದು ಫೋಟೊ, ಕುತ್ತಿಗೆಯ ಹಲ್ಲಿನ ಗುರುತಿಗೆ ಅಳತೆಪಟ್ಟಿ ಇಟ್ಟು ಒಂದು, ಹೆಜ್ಜೆಗುರುತಿಗೆ ಒಂದು, ಕುರಿಯ ಕಿವಿಯಲ್ಲಿ ಗುರುತಿನ ಬಿಲ್ಲೆ ಇದ್ದರೆ ಅದರ ನಂಬರಿಗೆ ಒಂದು. ಹೆಜ್ಜೆಯನ್ನು ಓರೆಯಿಂದಲ್ಲ, ನೇರ ಮೇಲಿನಿಂದ ತೆಗೆಯಬೇಕು. ನಾಯಿ ಹೆಜ್ಜೆಯೂ ಹಾಗೇ ಕಾಣುವುದರಿಂದ ಒಂದೇ ಗುರುತು ಸಾಲದು, ಸಾಲು ಹೆಜ್ಜೆಯ ಫೋಟೊ ಬೇಕು. ಇದಕ್ಕೆ ಮೊಬೈಲ್ ಸಾಕು. ದಡ್ಡಿಯ ಹುಡುಗರಿಗೆ ಹೇಳಿಕೊಟ್ಟರೆ ನಾವು ಹೋಗುವವರೆಗೆ ಕಾಯಬೇಕಿಲ್ಲ.

ಮೂಲ ಫೈಲ್ ಕತ್ತರಿಸದೆ ಎರಡು ಡಿಸ್ಕಿನಲ್ಲಿ ಇಡುತ್ತೇವೆ. ಸ್ಥಳ, ಎಣಿಕೆ, ನಡವಳಿಕೆಯನ್ನು ಅದೇ ದಿನ ಪುಸ್ತಕದಲ್ಲಿ ಬರೆಯುತ್ತೇವೆ. ಜಿಪಿಎಸ್ ಅಂಕಿ ಇರುವ ಪ್ರತಿ ಅರಣ್ಯ ಇಲಾಖೆಗೆ ಮಾತ್ರ. ಹೊರಗೆ ಹೋಗುವ ಪ್ರತಿಯಿಂದ ಅದನ್ನು ತೆಗೆಯುತ್ತೇವೆ. ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅಂಕಿ ಹಾಗೇ ಹೋಗುತ್ತದೆ, ಎಚ್ಚರ. ಹಿನ್ನೆಲೆಯ ಗುಡಿಯ ಶಿಖರ, ಗಾಳಿಯಂತ್ರ, ಕಾಲುವೆಯ ಕಲ್ಲು ಕೂಡ ಜಾಗ ಹೇಳಿಬಿಡುತ್ತವೆ. ಅಂಥ ಅಗಲದ ಚಿತ್ರ ಕಡತಕ್ಕೆ ಹೋಗಲಿ. ಊರ ಶಾಲೆಯ ಗೋಡೆಗೆ ಹಾಕಲು ಹತ್ತಿರದ್ದೇ ಸಾಕು. ಕೆಳಗೆ ಪ್ರಾಣಿಯ ಹೆಸರಿರಲಿ, ಮಡ್ಡಿಯ ಹೆಸರು ಬೇಡ.