ಪವರ್‌ಶಿಫ್ಟ್ ಇರುವ ಹಳೆಯ ಟ್ರ್ಯಾಕ್ಟರನ್ನು ನಾನು ಆರಿಸಿದ ಬಗೆ

ಸುಮಾರು 90 ಅಶ್ವಶಕ್ತಿಯ ಟ್ರ್ಯಾಕ್ಟರ್ ಬೇಕು, ಹಳೆಯದಾದರೂ ಸರಿ, ಆದರೆ ಪವರ್‌ಶಿಫ್ಟ್ ಗೇರ್‌ಬಾಕ್ಸೇ ಇರಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ನನ್ನ ಬೇಲರ್, ಅಂದರೆ ಒಣಹುಲ್ಲನ್ನು ಎತ್ತಿ ಒತ್ತಿ ಕಟ್ಟು ಕಟ್ಟುವ ಯಂತ್ರ. ಒಣಹುಲ್ಲಿನ ಸಾಲು ಹೊಲದ ಉದ್ದಕ್ಕೂ ಒಂದೇ ದಪ್ಪವಾಗಿರುವುದಿಲ್ಲ. ದಪ್ಪವಾದ ಕಡೆ ಟ್ರ್ಯಾಕ್ಟರಿನ ವೇಗ ಇಳಿಯಬೇಕು, ಆದರೆ ಬೇಲರಿಗೆ ಶಕ್ತಿ ಕೊಡುವ ಹಿಂಬದಿಯ ದಂಡ, ಅಂದರೆ ಪಿಟಿಒ ಮಾತ್ರ ನಿಮಿಷಕ್ಕೆ 540 ಸುತ್ತು ತಪ್ಪದೆ ತಿರುಗುತ್ತಿರಬೇಕು. ಪವರ್‌ಶಿಫ್ಟಿನಲ್ಲಿ ಕ್ಲಚ್ ತುಳಿಯದೆ, ಎಂಜಿನ್ನಿನ ವೇಗ ತಗ್ಗಿಸದೆ, ಗೇರಿನ ಹಿಡಿಯನ್ನು ಒಂದು ಹಂತ ಹಿಂದಕ್ಕೆ ಎಳೆದರೆ ಈ ಕೆಲಸ ಆಗಿಬಿಡುತ್ತದೆ. ದಿನಕ್ಕೆ ನೂರಾರು ಬಾರಿ ಗೇರು ಬದಲಿಸುವವನಿಗೆ ಇದರ ಬೆಲೆ ಗೊತ್ತು.

ಹುಡುಕಾಟದ ಆರಂಭದಲ್ಲೇ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕಾಯಿತು. ಮಾರುವವರು ಪವರ್‌ಶಿಫ್ಟ್ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಕರೆಯುತ್ತಾರೆ. 1954ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತಂದ ಟಾರ್ಕ್ ಆಂಪ್ಲಿಫೈಯರಿನಲ್ಲಿ ಓಡುತ್ತಿರುವಾಗ ಬದಲಿಸಬಹುದಾದ ಹಂತಗಳು ಎರಡೇ. ಉಳಿದ ಗೇರುಗಳಿಗೆ ಕ್ಲಚ್ ಬೇಕೇ ಬೇಕು. 1963ರಲ್ಲಿ ಬಂದ ಜಾನ್ ಡಿಯರ್ 4020ರ ಪವರ್‌ಶಿಫ್ಟಿನಲ್ಲಾದರೋ ಮುಂದಿನ 8 ಗೇರು, ಹಿಂದಿನ 4 ಗೇರು, ಎಲ್ಲವೂ ಓಟದಲ್ಲೇ ಬದಲಾಗುತ್ತವೆ. 1980ರ ದಶಕದ ಕೊನೆಗೆ ಬಂದ ಕೇಸ್ ಐಎಚ್ ಮ್ಯಾಗ್ನಮ್‌ನಲ್ಲಿ ಇಂಥ ಮುಂದಿನ ಗೇರುಗಳು 18. ನನಗೆ ಬೇಕಾದದ್ದು ಹೀಗೆ ಎಲ್ಲ ಗೇರೂ ಓಟದಲ್ಲೇ ಬದಲಾಗುವ ಪೂರ್ಣ ಪವರ್‌ಶಿಫ್ಟ್. ಅದರ ಪಂಪು ಮತ್ತು ಎಣ್ಣೆಯಲ್ಲಿ ಮುಳುಗಿ ತಿರುಗುವ ಕ್ಲಚ್ಚುಗಳು ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ತಾವೇ ತಿನ್ನುತ್ತವೆ ಎಂಬುದನ್ನು ಒಪ್ಪಿಕೊಂಡೇ ನಾನು ಹೊರಟೆ. ಉಳುಮೆಯೊಂದೇ ಮುಖ್ಯವಾಗಿದ್ದರೆ ಸಾಮಾನ್ಯ ಗೇರ್‌ಬಾಕ್ಸನ್ನೇ ಆರಿಸುತ್ತಿದ್ದೆ.

ಟ್ರ್ಯಾಕ್ಟರ್ ನೋಡುವ ಮೊದಲು ಆಯಾ ಮಾದರಿಯ ದುರಸ್ತಿ ಕೈಪಿಡಿಯನ್ನು ಸಂಪಾದಿಸಿಕೊಂಡೆ. ಇಡೀ ಹುಡುಕಾಟದಲ್ಲಿ ನನ್ನನ್ನು ಕಾಪಾಡಿದ್ದು ಅದರ ಒಂದು ಪುಟ: ಯಾವ ಗೇರಿನಲ್ಲಿ ಗೇರ್‌ಬಾಕ್ಸಿನೊಳಗಿನ ಯಾವ ಯಾವ ಕ್ಲಚ್ಚು ಮತ್ತು ಬ್ರೇಕುಗಳು ಹಿಡಿಯುತ್ತವೆ ಎಂಬ ಪಟ್ಟಿ. ಈ ಗೇರ್‌ಬಾಕ್ಸಿನಲ್ಲಿ ಗೇರಿಗೊಂದು ಕ್ಲಚ್ ಇರುವುದಿಲ್ಲ. ಕೆಲವೇ ಕ್ಲಚ್ಚುಗಳು ಬೇರೆ ಬೇರೆ ಜೋಡಿಯಾಗಿ ಹಿಡಿದು ಗೇರುಗಳನ್ನು ಉಂಟುಮಾಡುತ್ತವೆ. ಆದ್ದರಿಂದ ಯಾವ ಯಾವ ಗೇರು ಜಾರುತ್ತದೆ ಎಂದು ಬರೆದುಕೊಂಡು ಪಟ್ಟಿಗೆ ಹೋಲಿಸಿದರೆ, ಗೇರ್‌ಬಾಕ್ಸ್ ಬಿಚ್ಚದೆಯೇ ಸವೆದ ಕ್ಲಚ್ ಯಾವುದೆಂದು ತಿಳಿಯುತ್ತದೆ.

ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಪ್ರತಿಯೊಬ್ಬ ಮಾಲೀಕರನ್ನೂ ಕೇಳಿಕೊಳ್ಳುತ್ತಿದ್ದೆ. ತಣ್ಣಗಿರುವ ಎಣ್ಣೆ ಗಟ್ಟಿಯಾಗಿರುತ್ತದೆ. ಸವೆದ ಸೀಲುಗಳ ಸಂದಿನಿಂದ ಅದು ಸುಲಭವಾಗಿ ಸೋರುವುದಿಲ್ಲ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡ ಕುಗ್ಗದೆ ಉಳಿಯುತ್ತದೆ, ಸೋತ ಗೇರ್‌ಬಾಕ್ಸೂ ಗಟ್ಟಿಮುಟ್ಟಾಗಿದೆ ಎನಿಸುತ್ತದೆ. ಎಣ್ಣೆ ಕಾದು ತೆಳ್ಳಗಾದ ಮೇಲೆಯೇ ನಿಜ ಸ್ಥಿತಿ ಗೊತ್ತಾಗುವುದು. ಹೀಗಾಗಿ ಭಾರ ತುಂಬಿದ ಟ್ರೇಲರ್ ಕಟ್ಟಿ, ಒಂದು ಗಂಟೆಯಾದರೂ ದುಡಿಸಿ, ಅನಂತರ ಏರಿನಲ್ಲಿ ಒಂದೊಂದೇ ಗೇರನ್ನು ಪರೀಕ್ಷಿಸುವುದು ನನ್ನ ಕ್ರಮವಾಯಿತು. ಎಂಜಿನ್ನಿನ ಸುತ್ತು ಏರಿದರೂ ಚಕ್ರದ ವೇಗ ಏರದಿದ್ದರೆ ಆ ಗೇರು ಜಾರುತ್ತಿದೆ ಎಂದೇ ಅರ್ಥ.

ಮೊದಲು ನೋಡಿದ ಟ್ರ್ಯಾಕ್ಟರಿಗೆ ಹೊಸದಾಗಿ ಬಣ್ಣ ಬಳಿದಿದ್ದರು, ಚಕ್ರಗಳೂ ಹೊಸವು. ಮೊದಲ ಅರ್ಧ ಗಂಟೆ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ಕಾದ ಮೇಲೆ ಮೂರು ಗೇರುಗಳು ಜಾರತೊಡಗಿದವು. ಪಟ್ಟಿ ನೋಡಿದರೆ ಆ ಮೂರಕ್ಕೂ ಸಾಮಾನ್ಯವಾಗಿದ್ದುದು ಒಂದೇ ಕ್ಲಚ್. ಒಂದೇ ತಾನೇ ಎಂದು ಮಾಲೀಕರು ಹೇಳಿದರು. ಆದರೆ ಆ ಒಂದನ್ನು ತಲುಪಲು ಟ್ರ್ಯಾಕ್ಟರನ್ನು ನಡುವಿನಲ್ಲಿ ಎರಡು ಭಾಗ ಮಾಡಬೇಕು, ಅಷ್ಟು ಬಿಚ್ಚಿದ ಮೇಲೆ ಉಳಿದ ಕ್ಲಚ್ಚುಗಳ ಸೀಲು ಮತ್ತು ತಟ್ಟೆಗಳನ್ನು ಹಾಗೆಯೇ ಮುಚ್ಚುವುದು ವಿವೇಕವಲ್ಲ. ಅದನ್ನು ಬಿಟ್ಟೆ.

ಎರಡನೆಯದರಲ್ಲಿ ಯಾವ ಗೇರೂ ಜಾರಲಿಲ್ಲ, ಆದರೆ ಕಾದ ಬಳಿಕ ಎಲ್ಲ ಗೇರುಗಳೂ ಒಂದು ಕ್ಷಣ ತಡವಾಗಿ ಹಿಡಿಯುತ್ತಿದ್ದವು. ತೊಂದರೆ ಎಲ್ಲ ಗೇರುಗಳಲ್ಲಿದ್ದರೆ ಒಂದು ಕ್ಲಚ್ಚನ್ನು ದೂರುವಂತಿಲ್ಲ. ಪಂಪು, ಮುಖ್ಯ ಒತ್ತಡದ ವಾಲ್ವು ಅಥವಾ ಪೂರ್ತಿ ಸವೆತವನ್ನು ಶಂಕಿಸಬೇಕು. ಮಾಲೀಕರು ದೊಡ್ಡ ಮನಸ್ಸಿನಿಂದ ಎಣ್ಣೆಯ ಒತ್ತಡ ಅಳೆಯುವ ಗೇಜ್ ಜೋಡಿಸಲು ಒಪ್ಪಿದರು. ತಣ್ಣಗಿದ್ದಾಗ ಸರಿಯಾಗಿದ್ದ ಒತ್ತಡ, ಕಾದ ಮೇಲೆ ಕೈಪಿಡಿಯ ಕನಿಷ್ಠ ಮಿತಿಗಿಂತಲೂ ಕೆಳಗಿಳಿಯಿತು. ಫಿಲ್ಟರನ್ನು ಕತ್ತರಿಸಿ ನೋಡಿದಾಗ ಕ್ಲಚ್ ತಟ್ಟೆಯ ಲೇಪನದ ಕಪ್ಪು ಚೂರುಗಳ ಜೊತೆಗೆ ಹೊಳೆಯುವ ಲೋಹದ ಸಿಪ್ಪೆಗಳೂ ಇದ್ದವು.

ನಾನು ಕೊಂಡ ಮೂರನೆಯದು ನೋಡಲು ಚೆನ್ನಾಗಿರಲಿಲ್ಲ. ಸೀಟು ಹರಿದಿತ್ತು, ಸಲಕರಣೆ ಕಟ್ಟುವ ಹಿಂದಿನ ಮೂರು ಕೊಂಡಿಗಳ ಗುಂಡುಗಳು ಸವೆದು ಅಲುಗುತ್ತಿದ್ದವು, ಗಂಟೆ ತೋರಿಸುವ ಮೀಟರ್ ನಿಂತುಹೋಗಿತ್ತು. ಆದರೆ ಎಂಜಿನ್ ಸುಲಭವಾಗಿ ಚಾಲೂ ಆಯಿತು, ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪದರವಿರಲಿಲ್ಲ, ಗೇರ್‌ಬಾಕ್ಸಿನ ಎಣ್ಣೆ ನೀರು ಸೇರಿ ಹಾಲಿನಂತೆ ಬಿಳುಪಾಗಿರಲಿಲ್ಲ. ಒಂದೂವರೆ ಗಂಟೆ ದುಡಿಸಿದ ಮೇಲೂ ಒತ್ತಡ ಮಿತಿಯೊಳಗೇ ನಿಂತಿತು. ಎರಡು ಗೇರುಗಳ ನಡುವೆ ಒಂದು ಜಗ್ಗು ಮಾತ್ರ ಇತ್ತು. ಅದು ತಣ್ಣಗಿದ್ದಾಗಲೂ ಕಾದಾಗಲೂ ಒಂದೇ ತೆರನಾಗಿತ್ತು, ಮತ್ತು ಪಟ್ಟಿಯ ಪ್ರಕಾರ ಅಲ್ಲಿ ಒಂದೇ ಹೊತ್ತಿಗೆ ಎರಡು ಕ್ಲಚ್ಚು ಬಿಟ್ಟು ಬೇರೆರಡು ಹಿಡಿಯಬೇಕಿತ್ತು; ಆದ್ದರಿಂದ ಅದನ್ನು ದೋಷವೆಂದು ಎಣಿಸಲಿಲ್ಲ.

ಮನೆಗೆ ಅದನ್ನು ಕಟ್ಟಿ ಎಳೆಸಲಿಲ್ಲ, ಓಡಿಸಿಕೊಂಡೇ ಬಂದೆ. ಎಂಜಿನ್ ನಿಂತಿದ್ದರೆ ಅದರಿಂದ ತಿರುಗುವ ಪಂಪೂ ನಿಲ್ಲುತ್ತದೆ. ಆಗ ಚಕ್ರಗಳು ಗೇರ್‌ಬಾಕ್ಸನ್ನು ತಿರುಗಿಸಿದರೆ ಎಣ್ಣೆ ಸಿಗದ ಭಾಗಗಳು ಸುಟ್ಟುಹೋಗಬಹುದು. ತಳ್ಳಿ ಚಾಲೂ ಮಾಡುವುದೂ ಸಾಧ್ಯವಿಲ್ಲವಾದ್ದರಿಂದ ಮೊದಲು ಹೊಸ ಬ್ಯಾಟರಿ ಹಾಕಿದೆ. ಎಣ್ಣೆ ಮತ್ತು ಫಿಲ್ಟರನ್ನು ಕೂಡಲೇ ಬದಲಿಸಿ, 50 ಗಂಟೆ ದುಡಿದ ಮೇಲೆ ಫಿಲ್ಟರನ್ನು ಮತ್ತೊಮ್ಮೆ ಬದಲಿಸಿ ಕತ್ತರಿಸಿ ನೋಡಿದೆ. ನಿಧಾನವಾಗಿ ಚಲಿಸಲೆಂದು ಕ್ಲಚ್ ಪೆಡಲನ್ನು ಅರ್ಧ ತುಳಿದು ಹಿಡಿಯುವ ಅಭ್ಯಾಸವನ್ನು, ಕ್ಲಚ್ ತಟ್ಟೆಗಳನ್ನು ಅದು ಬೇಗ ಸವೆಸುವುದರಿಂದ, ಪ್ರಯತ್ನಪೂರ್ವಕವಾಗಿ ಬಿಟ್ಟೆ. ಈಗ ಪ್ರತಿ ಹಂಗಾಮಿಗೆ ಮುನ್ನ ಎಣ್ಣೆ ಕಾಯಿಸಿ, ಒತ್ತಡ ಅಳೆದು, ಕೊಂಡ ದಿನದ ಅಂಕಿಯ ಕೆಳಗೆ ಹೊಸ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ.