ತಾನಾಗೇ ಆಫ್ ಆಗುತ್ತಿದ್ದ ಕಂಪ್ಯೂಟರ್ ಸರಿಯಾಯಿತು

ಮುಂಬೈಯ ಕುರ್ಲಾದಲ್ಲಿ ರಸ್ತೆ ಪಕ್ಕದ ಮನೆ ನಮ್ಮದು, ಧೂಳು ಜಾಸ್ತಿ. ಮಗಳು ಓದಿಕೊಳ್ಳುವಾಗ ಕಂಪ್ಯೂಟರ್ ಪಟ್ಟನೆ ಆಫ್ ಆಗುತ್ತಿತ್ತು. ಪವರ್ ಸಪ್ಲೈ ಬದಲಿಸಿ ಅಂದರು ಅಂಗಡಿಯವರು. ನಾನು ಮೊದಲು ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ತೆರೆದು ನೋಡಿದೆ. ಸುಮ್ನೆ ಇದ್ದಾಗಲೇ ಪ್ರೊಸೆಸರ್ 85 ಡಿಗ್ರಿ! 100ರ ಆಸುಪಾಸಿಗೆ ಹೋದರೆ ಸುಟ್ಟುಹೋಗದಿರಲಿ ಅಂತ ಅದೇ ಆಫ್ ಆಗಿಬಿಡುತ್ತದೆ, ಅಲ್ವಾ.

ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆದೆ. ಫ್ಯಾನಿನ ಕೆಳಗೆ, ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕಿನ ತೆಳು ಪಟ್ಟಿಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು, ಗಿರ್ರನೆ ತಿರುಗಿದರೆ ಬೇರಿಂಗ್ ಕೆಡಬಹುದು. ಪ್ರೊಸೆಸರಿನ ಬಿಸಿ ಹೀಟ್‌ಸಿಂಕಿಗೆ ದಾಟಲಿ ಅಂತ ಎರಡರ ನಡುವೆ ಹಚ್ಚಿದ್ದ ಹಳೇ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪ್ರೊಸೆಸರಿನ ನಡುಮಧ್ಯೆ ಒಂದು ಸಣ್ಣ ತೊಟ್ಟು ಹೊಸ ಪೇಸ್ಟ್ ಇಟ್ಟೆ. ಕ್ಯಾಬಿನೆಟ್ಟನ್ನು ಗೋಡೆಯಿಂದ ಗೇಣು ದೂರ ಎಳೆದೆ. ಈಗ 45 ಡಿಗ್ರಿ ತೋರಿಸುತ್ತಿದೆ.