ಜಿಗಣೆ ಹಿಡಿದರೆ ಉಪ್ಪು ಬೇಡ, ಉಗುರು ಸಾಕು

ಗುಬ್ಬಿ ಕಡೆಯ ನಮ್ಮ ಗದ್ದೆಯಲ್ಲಿ ನಾಟಿ ನಡೆದಿತ್ತು. ಚಿಕ್ಕಮ್ಮ ಬದುವಿನ ಮೇಲೆ ಕೂತು ಸೀರೆ ಎತ್ತಿ ನೋಡಿದರೆ ಮೀನಖಂಡದಲ್ಲಿ ಜಿಗಣೆ, ಹೆಬ್ಬೆರಳಷ್ಟು ದಪ್ಪ ಊದಿಕೊಂಡಿದೆ. ಯಾರೋ ಬುತ್ತಿ ಗಂಟಿನಿಂದ ಉಪ್ಪು ತಂದು ಸುರಿದರು. ಅದು ಮುದುರಿಕೊಂಡು, ಕಪ್ಪು ರಕ್ತ ಕಕ್ಕಿ ಬಿತ್ತು. ಮೂರನೇ ದಿನ ಚಿಕ್ಕಮ್ಮನ ಕಾಲು ಕೆಂಪಗೆ ಬಾತು, ಜ್ವರ ಬಂತು.

ನಾವು ಗಮನಿಸದೇ ಇದ್ದದ್ದು ಆ ಕಕ್ಕಿದ ರಕ್ತವನ್ನು. ಜಿಗಣೆ ಒಂದೇ ಊಟಕ್ಕೆ ತನ್ನ ತೂಕದ ಐದಾರು ಪಟ್ಟು ರಕ್ತ ಹೀರುತ್ತದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಅರಗಿಸುತ್ತದೆ. ಒಂಟಿಯಾಗಿ ಅಲ್ಲ. ಯುರೋಪಿನ ಔಷಧಿ ಜಿಗಣೆಯ ಹೊಟ್ಟೆಯಲ್ಲಿ ಮುಖ್ಯವಾಗಿ ಸಿಕ್ಕಿದ್ದು ಎರಡೇ ಬಗೆಯ ಬ್ಯಾಕ್ಟೀರಿಯಾ. ನಮ್ಮ ಕರುಳಲ್ಲಿ ನೂರಾರು ಬಗೆ ಇರುವಾಗ ಅಲ್ಲಿ ಎರಡೇ! ಅದರಲ್ಲೊಂದು ಏರೋಮೋನಾಸ್. ರಕ್ತದಲ್ಲಿ ಬಿ ವಿಟಮಿನ್ ಸಾಲದು. ಆ ಕೊರತೆಯನ್ನು ಈ ಒಳಗಿನ ಬ್ಯಾಕ್ಟೀರಿಯಾ ತುಂಬುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಜಿಗಣೆಗೆ ಅವು ನೆಂಟರು. ನಮ್ಮ ಗಾಯಕ್ಕೆ ಇಳಿದರೆ ಮಾತ್ರ ಕೀವು, ಬಾವು. ಉಪ್ಪು, ಸುಣ್ಣ, ಬೆಂಕಿಕಡ್ಡಿ ಯಾವುದು ತಗುಲಿದರೂ ಜಿಗಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು.

ಹಾಗಾದರೆ ಬಿಡಿಸುವುದು ಹೇಗೆ? ಮೊದಲು ನೀರಿನಿಂದ ಮೇಲೆ ಬಂದು ಕೂತುಕೊಳ್ಳಿ. ಎಳೆಯಬೇಡಿ. ಜಿಗಣೆಗೆ ಎರಡೂ ತುದಿಯಲ್ಲಿ ಹಿಡಿತವಿದೆ. ದಪ್ಪ ತುದಿ ಬರೀ ಅಂಟಿಕೊಂಡಿರುತ್ತದೆ, ಸಣ್ಣ ತುದಿಯೇ ಬಾಯಿ. ಗಾಬರಿಯಲ್ಲಿ ನಾವು ಕೈ ಹಾಕುವುದು ದಪ್ಪ ತುದಿಗೇ, ಅಲ್ವಾ? ಮೊದಲು ಬಿಡಿಸಬೇಕಾದ್ದು ಬಾಯಿಯನ್ನು. ಅದರ ಪಕ್ಕದ ಚರ್ಮವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ತಾಗಿಸಿಕೊಂಡೇ ಬಾಯಿಯ ಅಡಿಗೆ ಮೆಲ್ಲಗೆ ಜಾರಿಸಿ. ಹಿಡಿತ ಬಿಟ್ಟ ಕೂಡಲೇ ಇನ್ನೊಂದು ತುದಿಯನ್ನೂ ಹಾಗೇ ಬಿಡಿಸಿ ದೂರಕ್ಕೆ ಎಸೆಯಿರಿ. ತಡಮಾಡಿದರೆ ಅದು ತಿರುಗಿ ಬೆರಳಿಗೇ ಅಂಟುತ್ತದೆ.

ಬಿಟ್ಟ ಮೇಲೆ ಮೂರು ಗೆರೆ ಕೂಡಿದಂಥ ಸಣ್ಣ ಗಾಯ ಕಾಣುತ್ತದೆ. ಮೂರು ದವಡೆಗಳ ಗುರುತು ಅದು. ಕೆರೆ ನೀರಲ್ಲಿ ತೊಳೆಯಬೇಡಿ, ಏರೋಮೋನಾಸ್ ಆ ನೀರಲ್ಲೂ ಇರುತ್ತದೆ. ಕುಡಿಯುವ ನೀರು, ಸೋಪು ಹಾಕಿ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ಬೇಗ ನಿಲ್ಲಲ್ಲ. ಜಿಗಣೆಯ ಎಂಜಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕೆಲವು ಗಂಟೆ ಜಿನುಗಬಹುದು. ತುರಿಕೆಯೂ ಬರುತ್ತದೆ. ಕೆರೆಯಬೇಡಿ.

ಗಾಯದ ಸುತ್ತ ಕೆಂಪು ಹರಡಿದರೆ, ಬಾತರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅಲ್ಲಿಯವರೆಗೆ ಕಾಯಬಾರದು. ‘ಜಿಗಣೆ ಕಚ್ಚಿದೆ’ ಎಂದು ಬಾಯಿಬಿಟ್ಟು ಹೇಳಿ. ಏರೋಮೋನಾಸ್‌ಗೆ ಆಂಪಿಸಿಲಿನ್‌ನಂಥ ಮಾತ್ರೆ ಸಾಮಾನ್ಯವಾಗಿ ನಾಟುವುದಿಲ್ಲ, ಡಾಕ್ಟರು ಬೇರೆಯದನ್ನು ಆರಿಸಬೇಕಾಗುತ್ತದೆ. ಮನೆಯಲ್ಲಿ ಉಳಿದ ಮಾತ್ರೆ ಸುಮ್ನೆ ನುಂಗಬೇಡಿ. ತುಂಡಾದ ಬೆರಳು ಜೋಡಿಸಿದ ಮೇಲೆ ಕಟ್ಟಿದ ರಕ್ತ ತೆಗೆಯಲು ಜಿಗಣೆ ಬಿಡುವ ಸರ್ಜನ್‌ಗಳೂ ಜೊತೆಗೆ ಆಂಟಿಬಯೋಟಿಕ್ ಕೊಡುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಜಿಗಣೆಗೆ ವೈದ್ಯಕೀಯ ಸಾಧನವೆಂದೇ ಅನುಮತಿ ಸಿಕ್ಕಿತು.

ಇನ್ನೊಂದು ಮಾತು, ದನ ಎಮ್ಮೆ ಇರುವವರಿಗೆ. ಕೆರೆಗೆ ಬಾಯಿ ಹಾಕಿ ನೀರು ಕುಡಿಯುವ ದನದ ಮೂಗಿನೊಳಗೂ ಒಂದು ಜಾತಿಯ ಜಿಗಣೆ ಸೇರಿಕೊಳ್ಳುತ್ತದೆ. ಒಂದೇ ಹೊಳ್ಳೆಯಿಂದ ಆಗಾಗ ರಕ್ತ ಸೋರುತ್ತಿದ್ದರೆ ಕಡ್ಡಿ ಹಾಕಿ ಕೆದಕಬೇಡಿ, ಪಶುವೈದ್ಯರನ್ನು ಕರೆಸಿ. ಮಕ್ಕಳ ಮೂಗಲ್ಲಿ ಹಾಗಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.